ಮುಖಕ್ಕಿಳಿದ ಸೂಜಿ: ಒಂದು ಚಾರಿತ್ರಿಕ ನೋಟ

ಊರಿನಿಂದ ಅಪ್ಪ ಅಮ್ಮ ಬಂದಾಗ ಇಂಗ್ಲೆಂಡಿನ ಕನ್ನಡಿಗರೆಲ್ಲ ಮಾಡುವಂತೆ ನಾನೂ ಅವರಿಗೆ ಆಕ್ಸ್‌ಫರ್ಡ್ ತೋರಿಸಿ, ಅಲ್ಲಿಂದ ಬ್ಲೆನಿಮ್ ಅರಮನೆಗೆ ಕರೆದುಕೊಂಡು ಹೋಗಿದ್ದೆ. ಮುಖಮಂಟಪದಲ್ಲಿ ನಿಂತು ಕತ್ತೆತ್ತಿದರೆ ಚಾವಣಿಯಲ್ಲಿ ದೊಡ್ಡ ದೊಡ್ಡ ಕಣ್ಣುಗಳ ಚಿತ್ರ. 1928ರಲ್ಲಿ ಬರೆಸಿದ್ದು. ಅವುಗಳಲ್ಲಿ ನೀಲಿ ಕಣ್ಣುಗಳು ಒಂಬತ್ತನೆಯ ಮಾರ್ಲ್‌ಬರೋ ಡ್ಯೂಕನ ಎರಡನೆಯ ಹೆಂಡತಿ ಗ್ಲ್ಯಾಡಿಸ್ ಡೀಕನ್‌ಳವು. "ದೃಷ್ಟಿ ತಾಗದಿರಲಿ ಅಂತ ಬರೆಸಿರಬೇಕು" ಎಂದರು ಅಮ್ಮ. ನನಗೆ ಮಾತ್ರ ಆಕೆಯ ಕಣ್ಣಿಗಿಂತ ಮೂಗಿನ ಕಥೆಯೇ ನೆನಪಾಯಿತು.

ಗ್ಲ್ಯಾಡಿಸ್ ತನ್ನ ಕಾಲದ ಹೆಸರಾಂತ ಸುಂದರಿ. ಆದರೂ ಹಣೆಯಿಂದ ಮೂಗಿನ ತುದಿಯವರೆಗೆ ಗ್ರೀಕ್ ಪ್ರತಿಮೆಗಳಲ್ಲಿರುವಂಥ ನೇರ ಗೆರೆ ತನಗೆ ಬೇಕೆನಿಸಿತು. 1903ರ ಸುಮಾರಿಗೆ, ಇಪ್ಪತ್ತೆರಡರ ವಯಸ್ಸಿನಲ್ಲಿ, ಮೂಗಿನ ಸೇತುವೆಗೆ ಪ್ಯಾರಾಫಿನ್ ಮೇಣ ಚುಚ್ಚಿಸಿಕೊಂಡಳು. ಮೇಣ ಇದ್ದಲ್ಲಿ ಇರಲಿಲ್ಲ. ವರ್ಷಗಳು ಕಳೆದಂತೆ ಗದ್ದದ ಕಡೆಗೆ ಜಾರಿ, ಮುಖವನ್ನು ಕೆಡಿಸಿತು.

ಈ ಕಥೆಯನ್ನು ಬರೆದಿಡಲು ಕಾರಣ ನಮ್ಮ ಬಳಗದ ಗೆಳತಿಯೊಬ್ಬಳು. ಮನೆಯೊಂದರ ಕೋಣೆಯಲ್ಲಿ ಸೌಂದರ್ಯ ಚಿಕಿತ್ಸೆ ನಡೆಸುವವನೊಬ್ಬ ಅವಳ ಮೂಗಿಗೆ ಫಿಲ್ಲರ್ ಹಾಕಿಕೊಡುವುದಾಗಿ ಹೇಳಿದ್ದ. "ಮೂವತ್ತರ ಗೇಜಿನ ಸೂಜಿಯಂತೆ, ಕೂದಲಿನಷ್ಟು ಸಣ್ಣ. ಸೂಜಿ ಸಣ್ಣದಿದ್ದಷ್ಟೂ ಅಪಾಯ ಕಡಿಮೆ ಅಲ್ಲವಾ?" ಎಂದು ಫೋನಿನಲ್ಲಿ ಕೇಳಿದಳು. ವೃತ್ತಿಯಿಂದ ನಾನು ಅರಿವಳಿಕೆ ವೈದ್ಯೆ, ಸೂಜಿಯೊಂದಿಗೇ ಬದುಕಿದವಳು. ಆದರೂ ಒಂದೇ ಮಾತಿನಲ್ಲಿ ಉತ್ತರಿಸಲು ಆಗಲಿಲ್ಲ.

ಟೊಳ್ಳು ಸೂಜಿಯ ಚರಿತ್ರೆ ಮುಖದಿಂದಲೇ ಆರಂಭವಾಗುತ್ತದೆ ಎಂಬುದು ಹಲವರಿಗೆ ತಿಳಿಯದು. 1844ರ ಜೂನ್ 3ರಂದು ಡಬ್ಲಿನ್ನಿನ ಮೀತ್ ಆಸ್ಪತ್ರೆಯಲ್ಲಿ ಫ್ರಾನ್ಸಿಸ್ ರಿಂಡ್ ಎಂಬ ವೈದ್ಯ, ವರ್ಷಗಟ್ಟಲೆ ಮುಖದ ನರನೋವಿನಿಂದ ನರಳುತ್ತಿದ್ದ 59ರ ಮಹಿಳೆಯೊಬ್ಬಳ ಚರ್ಮದಡಿಗೆ ಮಾರ್ಫಿನ್ ದ್ರಾವಣವನ್ನು ಇಳಿಸಿದ. ಅವನ ಸಾಧನಕ್ಕೆ ಒತ್ತುವ ದಂಡವೇ ಇರಲಿಲ್ಲ. ಔಷಧ ತನ್ನ ಭಾರಕ್ಕೆ ತಾನೇ ಇಳಿಯಬೇಕಿತ್ತು. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಮತ್ತು ಲಿಯೋನಿನ ಶಾರ್ಲ್ ಪ್ರವಾ, ಒಬ್ಬರಿಗೊಬ್ಬರು ತಿಳಿಯದೆ, ಸೂಜಿಗೆ ಪಿಚಕಾರಿಯನ್ನು ಜೋಡಿಸಿದರು. ಅಲ್ಲಿಂದ ಮುಂದೆ ಔಷಧವನ್ನು ಬಲವಾಗಿ ನೂಕಲು ಸಾಧ್ಯವಾಯಿತು. ಈ ನೂಕುವ ಬಲವೇ ನನ್ನ ಕಥೆಯ ತಿರುಳು.

ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ 1899ರಲ್ಲಿ ವ್ಯಾಸಲೀನನ್ನು ದೇಹದೊಳಗೆ ಚುಚ್ಚಿ ಆಕಾರ ತುಂಬುವ ವಿಧಾನವನ್ನು ಆರಂಭಿಸಿದ. ರೋಗದಿಂದ ಕುಸಿದ ಮೂಗುಗಳಿಗೆ ಇದು ವರದಾನವೆನಿಸಿತು. ಅದಕ್ಕೆ ಮೊದಲು ಮೂಗು ಸರಿಪಡಿಸುವುದೆಂದರೆ ಚಾಕು ಹಿಡಿಯುವುದೇ. ಇಲ್ಲೊಂದು ನಮ್ಮೂರಿನ ನಂಟೂ ಇದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೆರೆಯಾಗಿ ಮೂಗು ಕಳೆದುಕೊಂಡ. ಪುಣೆಯ ಕಡೆಯ ಒಬ್ಬ ವೈದ್ಯ ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಆ ವರದಿ 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಅಚ್ಚಾಗಿ ಯುರೋಪಿನ ಪ್ಲಾಸ್ಟಿಕ್ ಸರ್ಜರಿಗೆ ದಾರಿ ತೋರಿತು. ಅಂಥ ನೋವಿನ ಮುಂದೆ ಒಂದು ಸೂಜಿಚುಚ್ಚು ಯಾರಿಗೆ ಬೇಡ?

ಆದರೆ ಮೇಣಕ್ಕೆ ಸೂಜಿ ಹೊಂದಿಸುವುದು ಸುಲಭವಾಗಿರಲಿಲ್ಲ. ಮೆದುವಾದ ವ್ಯಾಸಲೀನ್ ಹರಡಿಬಿಡುತ್ತದೆಂದು ಕೆಲವರು ಹೆಚ್ಚಿನ ಶಾಖಕ್ಕೆ ಕರಗುವ ಗಟ್ಟಿ ಪ್ಯಾರಾಫಿನ್ ಹಿಡಿದರು. ಅದು ಸೂಜಿಯೊಳಗೇ ಹೆಪ್ಪುಗಟ್ಟುತ್ತಿತ್ತು. ಅದಕ್ಕೆಂದು ದಪ್ಪ ಸೂಜಿ, ಸಿರಿಂಜನ್ನು ಬೆಚ್ಚಗಿಡುವ ಉಪಾಯಗಳು, ಕೊನೆಗೆ ತಿರುಪಿನಿಂದ ಒತ್ತುವ ಲೋಹದ ಸಿರಿಂಜುಗಳು ಬಂದವು. ತಿರುಪು ಎಷ್ಟು ಬಲ ಹಾಕುತ್ತಿದೆ ಎಂದು ಕೈಗೆ ತಿಳಿಯುತ್ತಿರಲಿಲ್ಲ. ಮೂಗಿಗೆ ಮೇಣ ಚುಚ್ಚಿಸಿಕೊಂಡ ಕೆಲವರು ಕಣ್ಣನ್ನೇ ಕಳೆದುಕೊಂಡ ವರದಿಗಳು 1910ಕ್ಕೆ ಮೊದಲೇ ವೈದ್ಯಪತ್ರಿಕೆಗಳಲ್ಲಿ ಬಂದಿದ್ದವು. ಮೇಣದ ಗಂಟುಗಳಂತೂ ಸಾಮಾನ್ಯವಾದವು. ಆ ಚಿಕಿತ್ಸೆ ಕ್ರಮೇಣ ಮರೆಯಾಯಿತು.

ಇನ್ನು ಗೇಜಿನ ವಿಷಯ. ಈ ಸಂಖ್ಯೆ ಬಂದದ್ದು ವೈದ್ಯಶಾಸ್ತ್ರದಿಂದಲ್ಲ, ಇಂಗ್ಲೆಂಡಿನ ಕಬ್ಬಿಣದ ತಂತಿಯ ವ್ಯಾಪಾರದಿಂದ. ತಂತಿಯನ್ನು ಹೆಚ್ಚು ಸಲ ಎಳೆದಷ್ಟೂ ಅದು ಸಣ್ಣದಾಗುತ್ತದೆ. ಹಾಗಾಗಿ ಸಂಖ್ಯೆ ಏರಿದಂತೆ ಸೂಜಿ ತೆಳ್ಳಗಾಗುತ್ತದೆ. 30 ಗೇಜಿನ ಹೊರವ್ಯಾಸ ಸುಮಾರು 0.3 ಮಿಲಿಮೀಟರ್, 27ರದು 0.4, 25ರದು 0.5. ಬುಡದ ಬಣ್ಣ ಕ್ರಮವಾಗಿ ಹಳದಿ, ಬೂದು, ಕಿತ್ತಳೆ. ವ್ಯತ್ಯಾಸ ಅಲ್ಪವೆನಿಸಬಹುದು. ಆದರೆ ಪ್ಯಾರಿಸ್ಸಿನ ವೈದ್ಯ ಪ್ವಾಸೆಯ್ 1840ರ ದಶಕದಲ್ಲಿ ಪ್ರಕಟಿಸಿದ ನಿಯಮದಂತೆ, ಕೊಳವೆಯ ಒಳಗಿನ ತ್ರಿಜ್ಯ ಅರ್ಧವಾದರೆ ಅಷ್ಟೇ ದ್ರವವನ್ನು ಅದೇ ವೇಗದಲ್ಲಿ ನೂಕಲು ಹದಿನಾರು ಪಟ್ಟು ಒತ್ತಡ ಬೇಕು. 27ರಿಂದ 30ಕ್ಕೆ ಹೋದರೆ ಸುಮಾರು ಮೂರು ಪಟ್ಟು. ಜೆಲ್‌ಗಳು ಈ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸುವುದಿಲ್ಲ ಎಂಬುದು ಬೇರೆ ಮಾತು. ಹೆಬ್ಬೆರಳಿಗಂತೂ ವ್ಯತ್ಯಾಸ ಗೊತ್ತಾಗುತ್ತದೆ. ಒತ್ತಡಕ್ಕೆ ಸೂಜಿ ಕಳಚಿ ಹಾರದಂತೆ 1925ರಲ್ಲಿ ಬಂದ ಲ್ಯೂಯರ್ ಲಾಕ್ ಎಂಬ ತಿರುಗಿಸಿ ಬಿಗಿಯುವ ಜೋಡಣೆ ಇಂದಿಗೂ ಫಿಲ್ಲರ್ ಸಿರಿಂಜುಗಳಲ್ಲಿದೆ.

ತೆಳು ಸೂಜಿಗೆ ನಿಜವಾದ ಕೆಲಸ ಸಿಕ್ಕಿದ್ದು ಬೊಟ್ಯುಲಿನಮ್ ವಿಷದಿಂದ. ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಅಲನ್ ಸ್ಕಾಟ್ ಅದನ್ನು ಮೆಳ್ಳೆಗಣ್ಣಿಗೆ ಬಳಸಿದ. 1989ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ವ್ಯಾಂಕೂವರ್‌ನಲ್ಲಿ ರೆಪ್ಪೆ ಅದುರುವ ರೋಗಿಗಳಿಗೆ ಅದನ್ನೇ ಕೊಡುತ್ತಿದ್ದ ಜೀನ್ ಕರುದರ್ಸ್, ಹುಬ್ಬಿನ ನಡುವಿನ ಗೆರೆಗಳು ಮಾಯವಾಗುವುದನ್ನು ಗಮನಿಸಿ, ಪತಿ ಅಲಿಸ್ಟರ್ ಜೊತೆ 1992ರಲ್ಲಿ ಪ್ರಬಂಧ ಪ್ರಕಟಿಸಿದರು. ಇದು ನೀರಿನಂಥ ದ್ರಾವಣ, ಪ್ರಮಾಣ ಹನಿಯಷ್ಟು, ಸ್ನಾಯು ಚರ್ಮದ ಕೆಳಗೇ ಇದೆ. 30 ಅಥವಾ 32 ಗೇಜಿನ ಗಿಡ್ಡ ಸೂಜಿ ಇಲ್ಲಿ ಸರಿಯಾದ ಆಯ್ಕೆ. ಸೀಸೆಯ ರಬ್ಬರಿಗೆ ಚುಚ್ಚಿದರೇ ಅದರ ಮೊನೆ ಮಂಕಾಗುತ್ತದೆ. ಆದ್ದರಿಂದ ಔಷಧ ಎಳೆಯಲು ಒಂದು ಸೂಜಿ, ಚುಚ್ಚಲು ಇನ್ನೊಂದು.

ಫಿಲ್ಲರ್ ಕಥೆ ಬೇರೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ತಯಾರಾದ ಹಯಲುರಾನಿಕ್ ಆಮ್ಲದ ಜೆಲ್ 1996ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು. ಅದು ಮೇಣದಂತೆ ಶಾಶ್ವತವಲ್ಲ, ಕರಗುತ್ತದೆ. ಆದರೆ ಮೂಗಿನ, ಹುಬ್ಬಿನ ರಕ್ತನಾಳಗಳು ಗ್ಲ್ಯಾಡಿಸ್ ಕಾಲದಲ್ಲಿ ಎಲ್ಲಿದ್ದವೋ ಅಲ್ಲೇ ಇವೆ. ಮಿಲಿಮೀಟರಿನಷ್ಟೋ ಅದಕ್ಕೂ ಕಿರಿದೋ ಆದ ಆ ಅಪಧಮನಿಯೊಳಗೆ 0.3 ಮಿಲಿಮೀಟರಿನ ಚೂಪು ಸೂಜಿ ಆರಾಮವಾಗಿ ಕೂರುತ್ತದೆ. ಹಿಂದಕ್ಕೆಳೆದು ರಕ್ತ ಬರುವುದೇ ಎಂದು ನೋಡೋಣವೆಂದರೆ, ಸಣ್ಣ ಕೊಳವೆಯಲ್ಲಿ ಜೆಲ್ ತುಂಬಿರುವಾಗ ಆ ಪರೀಕ್ಷೆಯನ್ನು ನಂಬುವಂತಿಲ್ಲ. ಹೆಬ್ಬೆರಳು ಬಲವಾಗಿ ಒತ್ತಿದರೆ ಜೆಲ್ ರಕ್ತದ ಹರಿವಿಗೆ ಎದುರಾಗಿ ನುಗ್ಗಿ, ಕಣ್ಣಿನ ಅಪಧಮನಿಯವರೆಗೂ ತಲುಪಬಹುದು. ಪ್ರಪಂಚದಾದ್ಯಂತ ಹೀಗೆ ದೃಷ್ಟಿಗೆ ಹಾನಿಯಾದ 98 ಪ್ರಕರಣಗಳನ್ನು 2015ರಲ್ಲಿ ಒಂದು ಪ್ರಬಂಧ ಒಟ್ಟುಗೂಡಿಸಿತು. ಅತಿ ಹೆಚ್ಚು ಪ್ರಕರಣಗಳು ಹುಬ್ಬಿನ ನಡುವೆ, ನಂತರ ಮೂಗು. ಅದರ ಲೇಖಕರಲ್ಲಿ ಜೀನ್ ಕರುದರ್ಸ್ ಕೂಡ ಒಬ್ಬರು.

ಬಂಗಾರದ ಸೂಜಿಯೆಂದು ಕಣ್ಣಿಗೆ ಚುಚ್ಚಿಕೊಳ್ಳುವರೇ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ.

ಇದಕ್ಕೆ ಒಂದು ಉತ್ತರ, ಕೊಬ್ಬು ತುಂಬುವ ಶಸ್ತ್ರವೈದ್ಯರಿಂದ ಎರವಲು ತಂದ ಮೊಂಡು ತುದಿಯ ಕ್ಯಾನುಲಾ. ರಂಧ್ರ ಪಕ್ಕದಲ್ಲಿರುತ್ತದೆ, ತುದಿ ನಾಳವನ್ನು ಚುಚ್ಚುವ ಬದಲು ಬದಿಗೆ ಸರಿಸಿ ಹೋಗುತ್ತದೆ. ಆದರೆ ಅದೂ ಬಹಳ ತೆಳ್ಳಗಿದ್ದರೆ ಸೂಜಿಯಂತೆಯೇ ನಾಳವನ್ನು ಭೇದಿಸಬಲ್ಲದು. ಆದ್ದರಿಂದ 25 ಗೇಜ್ ಅಥವಾ ಅದಕ್ಕಿಂತ ದಪ್ಪದ್ದನ್ನು ಹಲವರು ಬಯಸುತ್ತಾರೆ. ಗೆಳತಿಗೆ ಇದನ್ನು ಹೇಳಿದಾಗ, "ಅಂದರೆ ದಪ್ಪದ್ದೇ ಒಳ್ಳೆಯದಾ!" ಎಂದು ಬೆರಗಾದಳು.

ಈ ದೇಶದ ಕಾನೂನೂ ವಿಚಿತ್ರವೇ. 2013ರಲ್ಲಿ ಬ್ರೂಸ್ ಕೀಯೋ ಅವರ ವರದಿ, ಫಿಲ್ಲರ್ ಹಾಕಿಸಿಕೊಳ್ಳುವವರಿಗೆ ಹಲ್ಲುಜ್ಜುವ ಬ್ರಷ್ ಕೊಳ್ಳುವವರಿಗಿಂತ ಹೆಚ್ಚಿನ ರಕ್ಷಣೆಯಿಲ್ಲ ಎಂದು ಎಚ್ಚರಿಸಿತು. ಇಂಗ್ಲೆಂಡಿನಲ್ಲಿ 18ರೊಳಗಿನವರಿಗೆ ಇದನ್ನು ನಿಷೇಧಿಸಿದ ಕಾನೂನು ಬಂದದ್ದು 2021ರಲ್ಲಿ. ಫಿಲ್ಲರ್ ಔಷಧವಲ್ಲ, ಆದರೆ ನಾಳ ಕಟ್ಟಿಕೊಂಡಾಗ ಆ ಜೆಲ್ಲನ್ನು ಕರಗಿಸುವ ಹಯಲುರಾನಿಡೇಸ್ ಮಾತ್ರ ವೈದ್ಯರ ಚೀಟಿಯಿಲ್ಲದೆ ಸಿಗದ ಔಷಧ. ಚುಚ್ಚುವವನ ಬಳಿ ಸೂಜಿ ಇರುತ್ತದೆ, ಮದ್ದು ಇರಬೇಕೆಂದೇನಿಲ್ಲ.

ಅವನ ಬಳಿ ಅದು ಇದೆಯೇ ಕೇಳು ಎಂದು ಗೆಳತಿಗೆ ಆ ಹೆಸರನ್ನು ಕನ್ನಡದಲ್ಲೇ ಬರೆದು ಕಳಿಸಿದೆ. ಮೂರು ದಿನ ಬಿಟ್ಟು ಅವಳ ಸಂದೇಶ ಬಂತು: "ಕೇಳಿದೆ. ಹಾಗಂದರೇನು ಅಂತ ನನ್ನನ್ನೇ ಕೇಳಿದ."