ಗರಗತ್ತಿ ಎಲೆ, ಉಪ್ಪುಕಾಗದ

1980ರ ದಶಕದಲ್ಲಿ ಸೂಪಾ ಊರು ಕಾಳಿ ನದಿಯ ಹಿನ್ನೀರಿಗೆ ಹೋಗುವ ಮುಂಚೆ, ಅಜ್ಜ ನಮ್ಮ ಮನೆಯ ಬಾಗಿಲು, ಕಿಟಕಿಗಳನ್ನೆಲ್ಲ ಬಿಚ್ಚಿ ಲಾರಿಗೆ ಹೇರಿಕೊಂಡು ರಾಮನಗರಕ್ಕೆ ಬಂದಿದ್ದ. ಅದರಲ್ಲಿ ಉಳಿದ ಒಂದು ಸಾಗವಾನಿ ಕದ ಈಗ ಹಳಿಯಾಳದಲ್ಲಿ ನನ್ನ ಹಿತ್ತಿಲಿನಲ್ಲಿದೆ. ಕೊಯ್ದು, ಮಲ್ಲಿಗೆ ಬಳ್ಳಿ ನೆಡಲು ಒಂದು ಪೆಟ್ಟಿಗೆ ಮಾಡುತ್ತಿದ್ದೇನೆ. ಯಾವುದರಿಂದ ಉಜ್ಜಬೇಕು ಎಂದು ಯೋಚಿಸುತ್ತ ಕುಳಿತಾಗ ಅಜ್ಜನ ಕೈ ನೆನಪಾಯಿತು.

ಅಜ್ಜ ಬಡಿಗ. ಬಾಚಿಯಿಂದ ಕೆತ್ತಿ, ರಂದಾ ಹೊಡೆದ ಮೇಲೆ ಒಡೆದ ಗಾಜಿನ ಚೂರಿನಿಂದ ಹಲಗೆ ಕೆರೆಯುತ್ತಿದ್ದ. ಕೊನೆಗೆ ಗರಗತ್ತಿ ಎಲೆ. ಅತ್ತಿಯ ಜಾತಿಯ ಮರವದು. ಎಲೆಯ ಮೇಲೆ ಗಡಸು ರೋಮ, ಬೆರಳಾಡಿಸಿದರೆ ಬೆಕ್ಕಿನ ನಾಲಿಗೆ ಸವರಿದ ಹಾಗೆ. ಒಣಗಿದರೆ ಪುಡಿಯಾಗುತ್ತದೆ, ಅದಕ್ಕೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳುತ್ತಿದ್ದ. ‘ನಾರಿನ ಗುಂಟ ಉಜ್ಜಪಾ, ಅಡ್ಡ ಉಜ್ಜಿದ್ರ ಗೀರು ಬೀಳ್ತಾವ’ ಅನ್ನುತ್ತಿದ್ದ. ಭಾರತದಲ್ಲೂ ಆಫ್ರಿಕಾದಲ್ಲೂ ಈ ಎಲೆಯಿಂದ ಮರ ನುಣುಪು ಮಾಡುವ ರೂಢಿ ಇತ್ತು. ಕಾಡಿನ ಅಂಚಿನ ಬಡಿಗನಿಗೆ ಅಂಗಡಿಯೇ ಬೇಕಿರಲಿಲ್ಲ.

ಆಮೇಲೆ ಪೇಟೆಯಿಂದ ಉಪ್ಪುಕಾಗದ ಬಂತು. ಹರಳು ಉಪ್ಪಿನಂತೆ ಕಾಣುವುದಕ್ಕೇ ಆ ಹೆಸರಿರಬೇಕು. ಲಂಡನ್ನಿನ ಜಾನ್ ಓಕಿ 1833ರಲ್ಲಿ ಗಾಜಿನ ಪುಡಿ ಅಂಟಿಸಿದ ಕಾಗದದ ವ್ಯಾಪಾರ ಶುರು ಮಾಡಿದ್ದ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕುಲುಮೆಯಲ್ಲಿ ಕಾರ್ಬೊರಂಡಮ್ ಎಂಬ ಉಜ್ಜುವ ಪುಡಿ ತಯಾರಿಸಿದ. ಗಾಜಿಗಿಂತ ಎಷ್ಟೋ ಗಡಸು. 1954ರಲ್ಲಿ ಮದ್ರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ ಹುಟ್ಟಿತು. ಮರುವರ್ಷವೇ ನಮ್ಮ ದಾಂಡೇಲಿಗೆ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್. ಕಾಡು ಕಾಗದವಾಗುವ ಕಾಲ ಅದು. ಅಜ್ಜನ ಎಲೆಯ ಜಾಗಕ್ಕೂ ಕಾಗದವೇ ಬಂತು.

ಕಾಗದವನ್ನು ನಾನು ಹಳಿಯುವುದಿಲ್ಲ. ಹಳೆಯ ಬಣ್ಣ ಕೀಳಲು 80 ನಂಬರಿನ ಹಾಳೆಯೇ ಬೇಕು, ಎಲೆಯಿಂದ ಆಗದ ಕೆಲಸ. ಸಾಗವಾನಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಹಾಳೆ ಬೇಗ ಮೆತ್ತಿಕೊಳ್ಳುತ್ತದೆ, ಆಗಾಗ ಕೊಡವಬೇಕು. ಆಮೇಲೆ 120. ಅಷ್ಟಕ್ಕೇ ನಿಲ್ಲಿಸುತ್ತೇನೆ. ಬಿಸಿಲು ಮಳೆಯಲ್ಲಿ ನಿಲ್ಲುವ ಪೆಟ್ಟಿಗೆಗೆ ಕನ್ನಡಿಯ ನುಣುಪು ಬೇಡ, ತೀರಾ ನುಣುಪಾದರೆ ಹಚ್ಚುವ ಎಣ್ಣೆಯನ್ನು ಮರ ಸರಿಯಾಗಿ ಕುಡಿಯುವುದಿಲ್ಲ. ಒಳಮೈ ಹೇಗೂ ಮಣ್ಣಿಗೆ, ಅದನ್ನು ಉಜ್ಜುವುದೇ ಇಲ್ಲ. ಚಪ್ಪಟೆ ಹಲಗೆಗಳಿಗೆ ಕರೆಂಟಿನ ಮಷೀನು ತಂದೆ, ಅರ್ಧ ತಾಸಿನಲ್ಲಿ ಮುಗಿಯಿತು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು, ಸಾಗವಾನಿ ಧೂಳು ಗಂಟಲು ಕೆರೆಯುತ್ತದೆ.

ಆದರೆ ಕದದ ಅಂಚಿನಲ್ಲಿ ಅಜ್ಜ ಉಳಿಯಿಂದ ತೆಗೆದ ಒಂದು ಬಳ್ಳಿ ಇದೆ, ಕಿರುಬೆರಳಿನಷ್ಟು ಅಗಲ. ಅದಕ್ಕೆ ಮಷೀನು ಮುಟ್ಟಿಸಿದರೆ ಕೆತ್ತಿದ ಎಲೆಗಳ ಕೊನೆಗಳೆಲ್ಲ ಸವೆದುಹೋಗುತ್ತವೆ. ಮೊನ್ನೆ ಜೋಯಿಡಾಕ್ಕೆ ಹೋದವನು ಹಾದಿಯ ಬದಿಯ ಗರಗತ್ತಿಯಿಂದ ಹತ್ತು ಎಲೆ ಕಿತ್ತು ತಂದೆ. ಒಂದನ್ನು ಮಡಚಿ, ಬಳ್ಳಿಯ ತಗ್ಗಿನೊಳಗೆ ಬೆರಳಿನಿಂದ ಒತ್ತಿ ಉಜ್ಜಿದೆ. ಮೂರನೆಯ ಎಲೆ ಸವೆಯುವ ಹೊತ್ತಿಗೆ ಅಜ್ಜನ ಉಳಿಯ ಒಂದೊಂದು ಏಟೂ ಬೇರೆಬೇರೆಯಾಗಿ ಕಂಡಿತು.