ತಟಸ್ಥ ರಾಷ್ಟ್ರದ ಹೊಣೆ: ಸ್ವಿಟ್ಜರ್ಲೆಂಡಿನ ಇತಿಹಾಸದಿಂದ ಒಂದು ಪಾಠ

ಭೂಪಟದಲ್ಲಿ ಸ್ವಿಟ್ಜರ್ಲೆಂಡ್ ಒಂದು ಚಿಕ್ಕ ದೇಶ. ಅದರ ವಿಸ್ತೀರ್ಣ ಸುಮಾರು 41 ಸಾವಿರ ಚದರ ಕಿಲೋಮೀಟರು. ಕರ್ನಾಟಕದ ಕಾಲುಭಾಗಕ್ಕಿಂತಲೂ ಕಡಿಮೆ. ಆ ನಾಡಿಗೆ ಕಡಲಿಲ್ಲ, ಹೇಳಿಕೊಳ್ಳುವಂಥ ಖನಿಜಸಂಪತ್ತಿಲ್ಲ. ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಎಂಬ ನಾಲ್ಕು ಭಾಷೆಗಳನ್ನಾಡುವ, ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಪಂಥಗಳಲ್ಲಿ ಹಂಚಿಹೋದ ಜನ ಅಲ್ಲಿ ವಾಸಿಸುತ್ತಾರೆ. ಕನ್ನಡಿಗರಿಗೆ ಆ ದೇಶ ತೀರ ಅಪರಿಚಿತವೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನೂ 1894ರಲ್ಲಿ ಕಿಟೆಲ್ಲರ ನಿಘಂಟನ್ನೂ ಹೊರತಂದ ಬಾಸೆಲ್ ಮಿಷನ್ನಿನ ಮೂಲಸ್ಥಾನ ಅಲ್ಲಿಯ ಬಾಸೆಲ್ ಪಟ್ಟಣವೇ.

ಯುರೋಪು ಎರಡು ಮಹಾಯುದ್ಧಗಳಲ್ಲಿ ಬೆಂದುಹೋದಾಗಲೂ ಈ ನಾಡು ಯುದ್ಧದಿಂದ ದೂರ ಉಳಿಯಿತು. ಇದನ್ನು ಕಂಡು, ಅಲ್ಲಿಯ ಜನ ಸ್ವಭಾವತಃ ಶಾಂತಿಪ್ರಿಯರೆಂದೂ ಆಲ್ಪ್ಸ್ ಪರ್ವತಗಳೇ ಅವರಿಗೆ ಕೋಟೆಯಾದುವೆಂದೂ ಹಲವರು ಭಾವಿಸುತ್ತಾರೆ. ಇತಿಹಾಸ ಬೇರೆ ಕಥೆಯನ್ನು ಹೇಳುತ್ತದೆ.

1291ರಲ್ಲಿ ಊರಿ, ಶ್ವಿಟ್ಸ್, ಉಂಟರ್‌ವಾಲ್ಡೆನ್ ಎಂಬ ಮೂರು ಕಣಿವೆಗಳ ಜನ ಪರಸ್ಪರ ರಕ್ಷಣೆಗಾಗಿ ಮಾಡಿಕೊಂಡ ಒಪ್ಪಂದವನ್ನು ಆ ದೇಶದ ಹುಟ್ಟೆಂದು ಹೇಳುವುದು ರೂಢಿ. ಅವರು ಮುಂದೆ ಯುರೋಪಿನ ಅತ್ಯಂತ ಭಯಂಕರ ಯೋಧರೆನಿಸಿದರು. 1515ರಲ್ಲಿ ಮರಿನ್ಯಾನೊ ಕದನದಲ್ಲಿ ಫ್ರಾನ್ಸಿನ ದೊರೆಗೆ ಸೋತ ತರುವಾಯ ರಾಜ್ಯವಿಸ್ತಾರದ ಆಸೆಯನ್ನು ಬಿಟ್ಟರು. ಯುದ್ಧವೃತ್ತಿಯನ್ನು ಮಾತ್ರ ಬಿಡಲಿಲ್ಲ. ಬಡ ಕಣಿವೆಗಳ ತರುಣರು ಶತಮಾನಗಳ ಕಾಲ ಪರರಾಜರ ಕೂಲಿ ಸೈನಿಕರಾಗಿ ದುಡಿದು ಮಡಿದರು. ನೆಪೋಲಿಯನ್ ಪತನಗೊಂಡ ಬಳಿಕ, 1815ರಲ್ಲಿ, ಯುರೋಪಿನ ಮಹಾಶಕ್ತಿಗಳು ಸ್ವಿಟ್ಜರ್ಲೆಂಡಿನ ಶಾಶ್ವತ ತಟಸ್ಥತೆಯನ್ನು ಮಾನ್ಯಮಾಡಿದವು. ಇದರಲ್ಲಿ ಆ ಶಕ್ತಿಗಳ ಸ್ವಹಿತವೂ ಸೇರಿತ್ತು. ಆಲ್ಪ್ಸ್ ಕಣಿವೆಮಾರ್ಗಗಳು ಯಾವೊಬ್ಬ ಬಲಾಢ್ಯನ ಕೈಗೂ ಸಿಕ್ಕದಿರಲಿ ಎಂಬುದು ಎಲ್ಲರ ಲೆಕ್ಕಾಚಾರವಾಗಿತ್ತು.

ಹೊರಗಿನ ಶಾಂತಿ ಹೀಗೆ ದೊರೆತರೂ ಒಳಗಿನ ಶಾಂತಿಯನ್ನು ಅವರೇ ಸಂಪಾದಿಸಬೇಕಾಯಿತು. ಏಳು ಕ್ಯಾಥೊಲಿಕ್ ಪ್ರಾಂತಗಳು ಪ್ರತ್ಯೇಕ ಒಕ್ಕೂಟ ಕಟ್ಟಿಕೊಂಡುದರಿಂದ 1847ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಒಕ್ಕೂಟ ಸರ್ಕಾರದ ಸೇನಾಪತಿ ಗಿಯೋಮ್ ಹೆನ್ರಿ ದ್ಯುಫೂರ್. ಗಾಯಾಳುಗಳನ್ನು, ಸೆರೆಸಿಕ್ಕವರನ್ನು, ಹೆಂಗಸರು ಮಕ್ಕಳನ್ನು, ದೇವಾಲಯಗಳನ್ನು ರಕ್ಷಿಸಬೇಕೆಂದು ಆತ ತನ್ನ ಸೈನಿಕರಿಗೆ ಆಜ್ಞಾಪಿಸಿದ. ಎದುರಾಳಿಗಳು ನಾಳೆ ಮತ್ತೆ ಒಡಹುಟ್ಟಿದವರಂತೆ ಕೂಡಿ ಬಾಳಬೇಕಾದವರು ಎಂಬ ಅರಿವು ಆತನಿಗಿತ್ತು. ಯುದ್ಧ ನಾಲ್ಕು ವಾರಗಳೊಳಗೆ ಮುಗಿಯಿತು; ಸತ್ತವರು ನೂರರ ಆಸುಪಾಸು. ಮರುವರ್ಷ, 1848ರಲ್ಲಿ, ಹೊಸ ಸಂವಿಧಾನ ಜಾರಿಗೆ ಬಂತು. ಗೆದ್ದವರು ಸೋತವರ ಪ್ರಾಂತಗಳನ್ನು ಅಳಿಸಲಿಲ್ಲ. ದೊಡ್ಡ ಪ್ರಾಂತಕ್ಕೂ ಚಿಕ್ಕದಕ್ಕೂ ಮೇಲ್ಮನೆಯಲ್ಲಿ ಸಮಾನ ಸ್ಥಾನ ನೀಡಿದರು. ಅರ್ಧಪ್ರಾಂತಗಳಿಗೆ ಮಾತ್ರ ಒಂದೊಂದೇ ಸ್ಥಾನ. ಕಾರ್ಯಾಂಗದ ಅಧಿಕಾರವನ್ನು ಒಬ್ಬನ ಕೈಗೆ ಕೊಡದೆ ಏಳು ಜನರ ಮಂಡಲಿಗೆ ಒಪ್ಪಿಸಿದರು. ಸೋತ ಪಕ್ಷದ ಪ್ರತಿನಿಧಿಯೊಬ್ಬರು 1891ರಲ್ಲಿ ಆ ಮಂಡಲಿಯನ್ನು ಸೇರಿದರು. ಗಾಯ ಮಾಯಲು ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತಾದರೂ ಮಾಯುವ ದಾರಿ ಮೊದಲೇ ತೆರೆದಿತ್ತೆಂಬುದು ಗಮನಾರ್ಹ.

ಪ್ರಜೆಗಳಿಗೆ ದೊರೆತ ಅಧಿಕಾರವೂ ಅಸಾಧಾರಣವಾದುದು. 1874ರಿಂದ, ಸಂಸತ್ತು ಮಾಡಿದ ಕಾನೂನನ್ನು ಜನಮತಕ್ಕೆ ಒಯ್ಯುವ ಹಕ್ಕು ಅವರಿಗೆ ಲಭಿಸಿತು. ಇಂದು 100 ದಿನಗಳಲ್ಲಿ 50 ಸಾವಿರ ಸಹಿಗಳು ಕೂಡಿದರೆ ಆ ಕಾನೂನನ್ನು ಜನರೇ ಮತಹಾಕಿ ನಿರ್ಣಯಿಸುತ್ತಾರೆ. 1 ಲಕ್ಷ ಸಹಿಗಳಿಂದ ಸಂವಿಧಾನದ ತಿದ್ದುಪಡಿಯನ್ನೇ ಸೂಚಿಸಬಹುದು. ಆದರೆ ಈ ‘ಪ್ರಜೆ’ ಎಂಬ ಮಾತಿನಲ್ಲಿ ಬಹುಕಾಲ ಹೆಣ್ಣು ಸೇರಿರಲಿಲ್ಲ. 1959ರಲ್ಲಿ ಸ್ತ್ರೀಮತದಾನದ ಪ್ರಶ್ನೆ ಬಂದಾಗ ಪುರುಷರು ಅದನ್ನು ತಿರಸ್ಕರಿಸಿದರು, 1971ರಲ್ಲಿ ಒಪ್ಪಿದರು. ಬಯಲಲ್ಲಿ ಸಭೆ ಸೇರಿ ಕೈಯೆತ್ತಿ ಮತ ನೀಡುವ ಆಪೆನ್‌ಜೆಲ್ ಇನ್ನರ್‌ರೋಡೆನ್ ಪ್ರಾಂತ 1990ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬರುವವರೆಗೂ ತನ್ನ ಸಭೆಗೆ ಹೆಣ್ಣನ್ನು ಸೇರಿಸಲಿಲ್ಲ. ಭಾರತದ ಹೆಣ್ಣುಮಕ್ಕಳು 1951-52ರ ಮೊದಲ ಮಹಾಚುನಾವಣೆಯಲ್ಲಿಯೇ ಮತ ಹಾಕಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಪದ್ಧತಿ ಎಷ್ಟೇ ಪ್ರಾಚೀನವೂ ಸುಂದರವೂ ಆಗಿರಲಿ, ಹೊರಗೆ ನಿಂತವರು ಯಾರೆಂದು ಕೇಳದ ಹೊರತು ಅದರ ನಿಜವಾದ ಬೆಲೆ ತಿಳಿಯದು.

ಇನ್ನು ಜಗತ್ತಿಗೆ ಆ ದೇಶ ಕೊಟ್ಟ ಕಾಣಿಕೆಯನ್ನು ನೋಡೋಣ. 1859ರ ಜೂನ್ 24ರಂದು ಇಟಲಿಯ ಸೊಲ್ಫೆರಿನೊದಲ್ಲಿ ನಡೆದ ಘೋರ ಕದನದ ಬಳಿಕ, ವ್ಯಾಪಾರದ ಕೆಲಸಕ್ಕಾಗಿ ಹೋಗಿದ್ದ ಜಿನೀವದ ಹೆನ್ರಿ ಡ್ಯೂನಾಂಟ್ ಸಾವಿರಾರು ಗಾಯಾಳುಗಳು ಆರೈಕೆಯಿಲ್ಲದೆ ನರಳುವುದನ್ನು ಕಂಡರು. ಅವರು ಬರೆದ ಗ್ರಂಥದ ಪ್ರೇರಣೆಯಿಂದ 1863ರಲ್ಲಿ ಐವರ ಸಮಿತಿಯೊಂದು ರೂಪುಗೊಂಡಿತು. ಅದೇ ಮುಂದೆ ರೆಡ್‌ಕ್ರಾಸ್ ಸಮಿತಿಯಾಯಿತು. ಅದರ ಮೊದಲ ಅಧ್ಯಕ್ಷರು ಅಂತರ್ಯುದ್ಧದಲ್ಲಿ ಕರುಣೆಯನ್ನು ಮರೆಯದ ಅದೇ ಸೇನಾನಿ ದ್ಯುಫೂರ್! 1864ರ ಜಿನೀವಾ ಒಪ್ಪಂದ, ಗಾಯಗೊಂಡ ಸೈನಿಕ ಯಾವ ಪಕ್ಷದವನಾದರೂ ಆರೈಕೆಗೆ ಅರ್ಹನೆಂಬ ತತ್ತ್ವವನ್ನು ರಾಷ್ಟ್ರಗಳ ಕಾನೂನಾಗಿಸಿತು. ಡ್ಯೂನಾಂಟ್ ದಿವಾಳಿಯಾಗಿ ಮರೆಗೆ ಸರಿದು, 1901ರಲ್ಲಿ ಮೊಟ್ಟಮೊದಲ ನೊಬೆಲ್ ಶಾಂತಿ ಪಾರಿತೋಷಕದ ಇಬ್ಬರು ಭಾಜನರಲ್ಲಿ ಒಬ್ಬರಾದರು.

ಇಂಥ ದೇಶದ ನಿಜವಾದ ಪರೀಕ್ಷೆ ನಡೆದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಜರ್ಮನಿಯ ನಾಜಿಗಳ ಕ್ರೌರ್ಯದಿಂದ ತಪ್ಪಿಸಿಕೊಂಡ ಯೆಹೂದ್ಯರು ಗಡಿಗೆ ಬಂದು ಬಾಗಿಲು ತಟ್ಟಿದರು. 1938ರಲ್ಲಿ ಸ್ವಿಸ್ ಸರ್ಕಾರದೊಡನೆ ನಡೆದ ಮಾತುಕತೆಯ ಫಲವಾಗಿ ಜರ್ಮನಿ ಯೆಹೂದ್ಯರ ಪಾಸ್‌ಪೋರ್ಟುಗಳ ಮೇಲೆ ‘ಜೆ’ ಅಕ್ಷರವನ್ನು ಮುದ್ರಿಸತೊಡಗಿತು. ಗಡಿಯಲ್ಲಿ ಅವರನ್ನು ಗುರುತಿಸಿ ತಡೆಯುವುದು ಸುಲಭವಾಯಿತು. 1942ರ ಆಗಸ್ಟಿನಲ್ಲಿ, ಕೇವಲ ಜನಾಂಗದ ಕಾರಣದಿಂದ ಹಿಂಸೆಗೊಳಗಾದವರಿಗೆ ಗಡಿಯನ್ನು ಮುಚ್ಚಲಾಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಯೆಹೂದ್ಯರು ಆ ನಾಡಿನಲ್ಲಿ ಆಶ್ರಯ ಪಡೆದು ಬದುಕಿದರೆಂಬುದು ಸತ್ಯ. ಸಾವಿರಾರು ನಿರಾಶ್ರಿತರು ಗಡಿಯಿಂದಲೇ ಹಿಂದಕ್ಕಟ್ಟಲ್ಪಟ್ಟರೆಂಬುದೂ ಅಷ್ಟೇ ಸತ್ಯ. ಅತ್ತ ಸ್ವಿಸ್ ರಾಷ್ಟ್ರೀಯ ಬ್ಯಾಂಕು ಜರ್ಮನಿಯ ಬ್ಯಾಂಕಿನಿಂದ ಬಂಗಾರವನ್ನು ಕೊಳ್ಳುತ್ತಲೇ ಇತ್ತು. ಬಂಗಾರಕ್ಕೆ ತೆರೆದಿದ್ದ ಬಾಗಿಲು ಮನುಷ್ಯನಿಗೆ ಮುಚ್ಚಿತ್ತು.

ಆ ಕಾಲದಲ್ಲಿಯೂ ಅಂತಃಸಾಕ್ಷಿಯನ್ನು ಮಾರದ ಅಧಿಕಾರಿಯೊಬ್ಬರಿದ್ದರು. ಸೇಂಟ್ ಗಾಲೆನ್ ಪ್ರಾಂತದ ಪೊಲೀಸ್ ಮುಖ್ಯಸ್ಥ ಪಾಲ್ ಗ್ರ್ಯೂನಿಂಗರ್ ದಾಖಲೆಗಳಲ್ಲಿ ಪ್ರವೇಶದ ದಿನಾಂಕವನ್ನು ಹಿಂದಕ್ಕೆ ಬರೆದು ನೂರಾರು ನಿರಾಶ್ರಿತರನ್ನು ಉಳಿಸಿದರು. 1939ರಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ನ್ಯಾಯಾಲಯ ಅವರನ್ನು ದೋಷಿಯೆಂದಿತು. 1972ರಲ್ಲಿ ಬಡತನದಲ್ಲಿಯೇ ಅವರು ತೀರಿಕೊಂಡರು. ಅವರು ನಿರ್ದೋಷಿಯೆಂಬ ತೀರ್ಪು ಹೊರಬಿದ್ದುದು 1995ರಲ್ಲಿ. ನಿಯಮ ಪಾಲಿಸಿದ ಅಧಿಕಾರಿಗಳ ಹೆಸರು ಇಂದು ಎಷ್ಟು ಜನರಿಗೆ ನೆನಪಿದೆ? ನಿಯಮ ಮುರಿದವರ ಹೆಸರು ಉಳಿಯಿತು.

ಆದರೂ ಆ ದೇಶದ ಬಗೆಗೆ ನಾವು ಗೌರವ ತಾಳಲು ಇನ್ನೊಂದು ಕಾರಣವಿದೆ. ಹೊರಗಿನ ಒತ್ತಾಯ ಬಲವಾಗಿಯೇ ಇತ್ತೆಂಬುದು ನಿಜ; ಆದರೆ 1996ರಲ್ಲಿ ಅದರ ಸಂಸತ್ತು ಇತಿಹಾಸಕಾರ ಬೆರ್ಗಿಯೆ ಅವರ ನೇತೃತ್ವದಲ್ಲಿ ಆಯೋಗವನ್ನು ನೇಮಿಸಿ, ಖಾಸಗಿ ಬ್ಯಾಂಕು ಕಂಪನಿಗಳ ಕಡತಗಳನ್ನೂ ಪರಿಶೀಲಿಸುವ ಅಧಿಕಾರವಿತ್ತಿತು. 2002ರಲ್ಲಿ ಬಂದ ಅಂತಿಮ ವರದಿ ದೇಶಕ್ಕೆ ಮುಜುಗರ ತರುವಂಥದಾಗಿದ್ದರೂ ಅದನ್ನು ಮುಚ್ಚಿಡದೆ ಪ್ರಕಟಿಸಲಾಯಿತು. ಅದೇ 2002ರಲ್ಲಿ ಜನಮತದ ಮೂಲಕ ಸ್ವಿಟ್ಜರ್ಲೆಂಡ್ ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಿತು. 1986ರಲ್ಲಿ ಅದೇ ಜನ ಅದನ್ನು ನಿರಾಕರಿಸಿದ್ದರು. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ರಷ್ಯದ ವಿರುದ್ಧ ಯುರೋಪಿನ ಆರ್ಥಿಕ ನಿರ್ಬಂಧಗಳನ್ನು ತಾನೂ ಅನುಸರಿಸಿತು. ಇದು ತಟಸ್ಥತೆಗೆ ಭಂಗವೇ ಎಂಬ ಚರ್ಚೆ ಅಲ್ಲಿ ಜೋರಾಗಿ ನಡೆದಿದೆ. ಚರ್ಚೆ ನಡೆಯುವುದು ಆರೋಗ್ಯದ ಲಕ್ಷಣ.

ಈ ಇತಿಹಾಸದಿಂದ ತಿಳಿಯಬೇಕಾದುದು ಇಷ್ಟು. ಇಬ್ಬರು ಬಲಾಢ್ಯರು ಕಾದಾಡುವಾಗ ಯಾರ ಪಕ್ಷವನ್ನೂ ವಹಿಸದಿರುವುದು ವಿವೇಕವಾಗಬಹುದು. ಅನ್ಯಾಯಕ್ಕೊಳಗಾದವನು ಬಾಗಿಲಿಗೆ ಬಂದಾಗಲೂ ಪಕ್ಷ ವಹಿಸದಿರುವುದು ಅನ್ಯಾಯದ ಪಕ್ಷವನ್ನೇ ವಹಿಸಿದಂತೆ. ದ್ಯುಫೂರ್, ಡ್ಯೂನಾಂಟ್, ಗ್ರ್ಯೂನಿಂಗರ್ ಈ ಮೂವರೂ ಒಂದೇ ನಾಡಿನ ಮಕ್ಕಳು. ಗಾಯಗೊಂಡವನ ಕುಲ, ದೇಶ, ಪಕ್ಷಗಳನ್ನು ಕೇಳದೆ ಕೈ ಚಾಚಿದವರು. ಒಂದು ದೇಶದ ತಟಸ್ಥತೆಗೆ ಬೆಲೆ ತರುವವರು ಇಂಥವರು. ನಮ್ಮ ನಾಡನ್ನೂ ನಮ್ಮ ನಮ್ಮ ಊರುಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡುವ ಧೈರ್ಯ ನಮ್ಮ ವಾಚಕರಿಗೆ ಬರಲಿ.