ಮುಂಬಯಿಯ ಗಿರಣಿಯಿಂದ ಬೋಸ್ಟನ್ನಿನ ವಾರ್ಡಿಗೆ

ಕನ್ನಡದಲ್ಲಿ 'ಪ್ರಯೋಗ' ಎಂಬ ಮಾತಿಗೆ ಅಷ್ಟು ಒಳ್ಳೆಯ ಹೆಸರಿಲ್ಲ. ಶಾಲೆಯ ಪ್ರಯೋಗಾಲಯ ಬಿಟ್ಟರೆ ಆ ಶಬ್ದ ಕಿವಿಗೆ ಬೀಳುವುದು ಮಾಟ ಮಂತ್ರದ ಜೊತೆಯಲ್ಲಿ, ಇಲ್ಲವೇ 'ಪ್ರಯೋಗಪಶು' ಎಂಬ ಮಾತಿನಲ್ಲಿ. ಉರ್ದುವಿನಲ್ಲಿ ಇದಕ್ಕೆ 'ಆಜ್ಮಾಯಿಶ್' ಎನ್ನಬಹುದು. ಹೊಸ ಔಷಧಿಯನ್ನು ಪರೀಕ್ಷಿಸಿ ನೋಡುವುದೂ ಆಜ್ಮಾಯಿಶ್, ಅಲ್ಲಾಹನು ತನ್ನ ದಾಸನನ್ನು ಕಷ್ಟ ಕೊಟ್ಟು ಪರೀಕ್ಷಿಸುವುದೂ ಆಜ್ಮಾಯಿಶ್. ಕ್ಯಾನ್ಸರ್ ಬಂದ ಮನೆಗೆ ಹೋದಾಗ ನಮ್ಮ ಹಿರಿಯರು ಹೇಳುವುದು ಎರಡನೆಯ ಅರ್ಥದ ಮಾತನ್ನು. ಮೊದಲನೆಯ ಅರ್ಥದ ಮಾತು, ಅಂದರೆ ಆಸ್ಪತ್ರೆಗಳಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ನ ಮಾತು ಬಂದರೆ ಅದೇ ಹಿರಿಯರು ಕೈ ಅಡ್ಡ ಹಿಡಿಯುತ್ತಾರೆ. ನಮ್ಮ ಮಗುವಿನ ಮೇಲೆ ಬೇಡ ಎನ್ನುತ್ತಾರೆ.

ಈ ಅಂಜಿಕೆ ಬುಡವಿಲ್ಲದ್ದಲ್ಲ, ಅದರ ಬುಡಕ್ಕೆ ಆಮೇಲೆ ಬರುತ್ತೇನೆ. ಆದರೆ ಮಕ್ಕಳ ರಕ್ತದ ಕ್ಯಾನ್ಸರ್ ಇಂದು ವಾಸಿಯಾಗುತ್ತದೆ ಎಂದಾದರೆ ಅದಕ್ಕೆ ಕಾರಣ ಇಂಥ ಆಜ್ಮಾಯಿಶ್‌ಗಳೇ. ಆ ಚರಿತ್ರೆಯ ಮೊದಲ ಪುಟದಲ್ಲಿ ಮುಂಬಯಿಯ ಬಡ ಮುಸ್ಲಿಂ ಹೆಂಗಸರಿದ್ದಾರೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಹೆಂಗಸರು ಬಸುರಿಯರಾದಾಗ ರಕ್ತ ತೀರಾ ತೆಳುವಾಗಿ, ಮೈ ಬಿಳಿಚಿಕೊಂಡು, ಎಷ್ಟೋ ಜನ ಹೆರಿಗೆಗೆ ಮೊದಲು ಅಥವಾ ಹೆರಿಗೆಯ ಹೊತ್ತಿಗೆ ಸಾಯುತ್ತಿದ್ದರು. ಇದು ಸೋಂಕಿರಬಹುದೇ ಎಂದು ಹಾಫ್‌ಕಿನ್ ಸಂಸ್ಥೆಯಲ್ಲಿ ಕುಳಿತು ಹುಡುಕಿದ ವಿಲ್ಸ್ ಕೊನೆಗೆ ಆ ಹೆಂಗಸರ ಊಟದ ತಟ್ಟೆಯ ಕಡೆ ತಿರುಗಿದರು. ಯಾವ ಸಮುದಾಯದವರು ಏನು ಉಣ್ಣುತ್ತಾರೆ ಎಂದು ಹೋಲಿಸಿ ನೋಡಿದಾಗ, ಎಲ್ಲರಿಗಿಂತ ಕಳಪೆ ಊಟ ಬಡ ಮುಸ್ಲಿಂ ಹೆಂಗಸರದ್ದು, ಈ ಕಾಯಿಲೆ ಹೆಚ್ಚಾಗಿ ತಗಲುತ್ತಿದ್ದುದೂ ಅವರಿಗೇ. ಹಸಿವಿನ ಚರಿತ್ರೆಯಲ್ಲಿ ನಮ್ಮವರು ಮುಂದಿನ ಸಾಲಿನಲ್ಲಿರುವುದು ಹೊಸ ಸಂಗತಿಯೇನಲ್ಲ.

ವಿಲ್ಸ್ ಇಲಿಗಳ ಮೇಲೆ, ಒಂದು ಕೋತಿಯ ಮೇಲೆ ಬೇರೆ ಬೇರೆ ಆಹಾರ ಕೊಟ್ಟು ನೋಡಿದರು. ಕೋತಿ ಚೇತರಿಸಿಕೊಂಡದ್ದು ಮಾರ್ಮೈಟ್‌ನಿಂದ. ಬಿಯರ್ ಭಟ್ಟಿಯಲ್ಲಿ ಉಳಿಯುವ ಯೀಸ್ಟ್‌ನಿಂದ ಮಾಡಿದ, ಬ್ರೆಡ್ಡಿಗೆ ಸವರಿಕೊಳ್ಳುವ ಅಗ್ಗದ ಪದಾರ್ಥ ಅದು. ಅದನ್ನೇ ಬಸುರಿಯರಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಹೊಸ ರಕ್ತ ಹುಟ್ಟತೊಡಗಿತು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಯೀಸ್ಟ್‌ನಲ್ಲಿ ಇರುವುದೇನು ಎಂದು ತಿಳಿಯದ ಕಾರಣ ಹತ್ತು ವರ್ಷ ಅದಕ್ಕೆ 'ವಿಲ್ಸ್ ಫ್ಯಾಕ್ಟರ್' ಎಂಬ ಹೆಸರೇ ಇತ್ತು. 1941ರಲ್ಲಿ ಅಮೆರಿಕದಲ್ಲಿ ರಾಶಿ ರಾಶಿ ಪಾಲಕ್ ಸೊಪ್ಪಿನಿಂದ ಅದೇ ವಸ್ತುವನ್ನು ಬೇರ್ಪಡಿಸಿ ಫೋಲಿಕ್ ಆಸಿಡ್ ಎಂದು ಕರೆದರು. ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಅದು ಇದ್ದೇ ಇರುತ್ತದೆ. ಆ ಗಿರಣಿ ಹೆಂಗಸರ ಹೆಸರು ಮಾತ್ರ ಉಳಿದಿಲ್ಲ. ವೈದ್ಯಕೀಯ ಪ್ರಬಂಧಗಳಲ್ಲಿ ಹೆಸರು ಉಳಿಯುವುದು ಬರೆದವರದ್ದು, ನರಳಿದವರದ್ದಲ್ಲ.

ಇಲ್ಲಿಂದ ಕಥೆ ಬೋಸ್ಟನ್ನಿಗೆ ಹೋಗುತ್ತದೆ. ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞರಿದ್ದರು. ಬದುಕಿರುವವರಿಗಿಂತ ಸತ್ತವರ ಅಂಗಾಂಗಗಳನ್ನೇ ಹೆಚ್ಚು ನೋಡಿದ ಮನುಷ್ಯ. ಆಗ ಲ್ಯುಕೇಮಿಯಾ ಬಂದ ಮಗು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಸಾಯುತ್ತಿತ್ತು. ಫೋಲಿಕ್ ಆಸಿಡ್ ರಕ್ತ ಹುಟ್ಟಿಸುತ್ತದೆಯಲ್ಲ, ಇವರ ರಕ್ತವನ್ನೂ ಸರಿಪಡಿಸಬಹುದೇನೋ ಎಂದು ಅದರ ಬಗೆಗಳನ್ನು ಫಾರ್ಬರ್ ಕೊಟ್ಟು ನೋಡಿದರು. ಆದದ್ದು ಉಲ್ಟಾ. ಕ್ಯಾನ್ಸರ್ ಕಣಗಳು ಇನ್ನಷ್ಟು ಚುರುಕಾಗಿ ಬೆಳೆದಂತೆ ಅವರಿಗೆ ಕಂಡಿತು. ಹಾಗಾದರೆ ಫೋಲಿಕ್ ಆಸಿಡ್ಡಿನ ವೇಷ ಹಾಕಿಕೊಂಡು ಒಳಹೊಕ್ಕು ಅದರ ದಾರಿ ಕಟ್ಟುವ ವಸ್ತುವನ್ನು ಕೊಟ್ಟರೆ?

ಆ ವೇಷಧಾರಿಯನ್ನು ತಯಾರಿಸಿ ಕೊಟ್ಟದ್ದು ಲೆಡರ್ಲೆ ಕಂಪೆನಿಯಲ್ಲಿದ್ದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದವರು. ಮದರಾಸಿನ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟದ್ದಕ್ಕೆ ಇಂಗ್ಲಿಷ್ ಪ್ರೊಫೆಸರರ ಕೋಪಕ್ಕೆ ಗುರಿಯಾಗಿ, ಪೂರ್ಣ ಪದವಿಯ ಬದಲು ಕೆಳದರ್ಜೆಯ ಪ್ರಮಾಣಪತ್ರ ಪಡೆದವರು. ಹಾರ್ವರ್ಡ್ ಕೂಡ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. ಅವರ ತಂಡದ ಅಮಿನೋಪ್ಟೆರಿನ್ ಅನ್ನು ಫಾರ್ಬರ್ 1947ರ ಡಿಸೆಂಬರ್ ಕೊನೆಯಲ್ಲಿ ಮಕ್ಕಳಿಗೆ ಕೊಡಲಾರಂಭಿಸಿದರು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯಲ್ಲಿ 16 ಮಕ್ಕಳ ಲೆಕ್ಕವಿದೆ. 10 ಮಕ್ಕಳು ಚೇತರಿಸಿಕೊಂಡರು. ಆದರೆ 'ತಾತ್ಕಾಲಿಕ' ಎಂಬ ಶಬ್ದ ಆ ಪ್ರಬಂಧದ ಶೀರ್ಷಿಕೆಯಲ್ಲೇ ಇದೆ. ಕೆಲವು ತಿಂಗಳಲ್ಲಿ ಕಾಯಿಲೆ ಮರಳಿತು. ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು.

ಫಾರ್ಬರ್ ಅವರ ಆಸ್ಪತ್ರೆಯಲ್ಲೇ ಅವರಿಗೆ ವಿರೋಧವಿತ್ತು. ಸಾಯುವ ಮಗುವನ್ನು ನೆಮ್ಮದಿಯಾಗಿ ಸಾಯಲು ಬಿಡಬಾರದೇ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ವಿಷವನ್ನೇ ಔಷಧಿ ಎಂದು ಕೊಡುವಾಗ ಅದನ್ನು ಯಾರಾದರೂ ಕೇಳಲೇಬೇಕು.

ಅದಕ್ಕೆ ಉತ್ತರ ಕೊಡಲು ಒಬ್ಬ ವೈದ್ಯನ ಅನುಭವ ಸಾಲದು, ಹೋಲಿಕೆ ಬೇಕು. ಹೋಲಿಕೆಯ ಯೋಚನೆ ಹಳೆಯದು. ಸಾವಿರ ವರ್ಷಗಳ ಹಿಂದೆ ಅರ್ ರಾಝಿ ಮಿದುಳಿನ ಜ್ವರದ ಒಂದು ಗುಂಪಿಗೆ ರಕ್ತ ತೆಗೆಸಿ, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೇ ಬಿಟ್ಟು ನೋಡಿದ್ದನ್ನು ಬರೆದಿಟ್ಟಿದ್ದಾರೆ. ನಾವು ಇಂಥದ್ದನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿ ಅಲ್ಲಿಗೇ ನಿಲ್ಲುತ್ತೇವೆ. ರಾಝಿ ನಿಂತಲ್ಲಿಂದ ಮುಂದೆ ಹೋದದ್ದು ಬೇರೆಯವರು. ಯಾವ ರೋಗಿ ಯಾವ ಗುಂಪಿಗೆ ಎಂಬುದನ್ನು ವೈದ್ಯನ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸುವ ಕ್ರಮವನ್ನು ಬ್ರಿಟನ್ನಿನಲ್ಲಿ ಬ್ರಾಡ್‌ಫರ್ಡ್ ಹಿಲ್ ಕ್ಷಯದ ಸ್ಟ್ರೆಪ್ಟೋಮೈಸಿನ್ ಪರೀಕ್ಷೆಗೆ ಬಳಸಿದರು. ಅದೂ 1948ರಲ್ಲೇ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಅದನ್ನು ಲ್ಯುಕೇಮಿಯಾಕ್ಕೆ ತಂದಿತು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಆ ಪರೀಕ್ಷೆಯಲ್ಲಿ ಯಾವ ಮಗುವಿಗೂ ಸಕ್ಕರೆ ಗುಳಿಗೆ ಕೊಟ್ಟು ಸುಮ್ಮನಿರಿಸಲಿಲ್ಲ. ಎರಡೇ ಔಷಧಿ, ಕೊಡುವ ಕ್ರಮ ಮಾತ್ರ ಬೇರೆ. ಇಂದಿಗೂ ಗುಣಪಡಿಸುವ ಚಿಕಿತ್ಸೆ ಇರುವಲ್ಲಿ ಹೊಸದನ್ನು ಹೋಲಿಸುವುದು ಇರುವುದರಲ್ಲಿ ಒಳ್ಳೆಯ ಚಿಕಿತ್ಸೆಯ ಜೊತೆಗೇ.

ಔಷಧಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ರಕ್ತಸ್ರಾವದ ಕಥೆ. ಎಮಿಲ್ ಫ್ರೈರೈಕ್ ಎಂಬ ಯುವ ವೈದ್ಯ 1955ರಲ್ಲಿ ಬೆಥೆಸ್ಡಾದ ಆ ವಾರ್ಡಿಗೆ ಬಂದಾಗ ದಿಂಬು, ಹಾಸಿಗೆ, ನರ್ಸುಗಳ ಬಿಳಿ ಬಟ್ಟೆ ಎಲ್ಲ ರಕ್ತಮಯ. ಮೂಗು, ಒಸಡು, ಕರುಳು, ಎಲ್ಲಿಂದ ಬೇಕಾದರೂ ಹರಿಯುತ್ತಿತ್ತು. ಔಷಧಿ ಕೆಲಸ ಮಾಡುವುದರೊಳಗೆ ಮಗು ರಕ್ತ ಸುರಿಸಿಯೇ ಸಾಯುತ್ತಿತ್ತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಕೊರತೆಯೇ ಇದಕ್ಕೆ ಕಾರಣ ಎಂದು ಫ್ರೈರೈಕ್ ಹೇಳಿದಾಗ ಹಿರಿಯರು ಒಪ್ಪಲಿಲ್ಲ. ತನ್ನದೇ ರಕ್ತವನ್ನು ಮಕ್ಕಳ ರಕ್ತದ ಜೊತೆ ಕೊಳವೆಯಲ್ಲಿ ಬೆರೆಸಿ ತೋರಿಸಿದರು. ಬ್ಲಡ್ ಬ್ಯಾಂಕಿನಲ್ಲಿ ದಿನಗಟ್ಟಲೆ ಇಟ್ಟ ರಕ್ತದಲ್ಲಿ ಈ ಕಣಗಳು ಸತ್ತಿರುತ್ತವೆ, ತಾಜಾ ರಕ್ತವೇ ಬೇಕು ಎಂಬುದು ಖಚಿತವಾಯಿತು. ಪ್ಲೇಟ್‌ಲೆಟ್ ಎಣಿಕೆ ಇಳಿದಷ್ಟೂ ರಕ್ತಸ್ರಾವ ಏರುತ್ತದೆ ಎಂಬ ಲೆಕ್ಕ 1962ರಲ್ಲಿ ಪ್ರಕಟವಾಯಿತು. ಮುಂದೆ ದಾನಿಯ ರಕ್ತದಿಂದ ಬೇಕಾದ ಕಣಗಳನ್ನಷ್ಟೇ ತೆಗೆದು ಉಳಿದದ್ದನ್ನು ಅವನಿಗೇ ಮರಳಿಸುವ ಯಂತ್ರ ಬಂತು. ಅದನ್ನು ಮಾಡಲು ಫ್ರೈರೈಕ್ ಜೊತೆ ಸೇರಿದವರು ಐಬಿಎಂ ಕಂಪೆನಿಯ ಎಂಜಿನಿಯರ್ ಜಾರ್ಜ್ ಜಡ್ಸನ್. ಅವರ ಮಗನಿಗೂ ಲ್ಯುಕೇಮಿಯಾ ಇತ್ತು.

ಪ್ಲೇಟ್‌ಲೆಟ್ ಇಂದಿಗೂ ಕೆಲವೇ ದಿನ ಉಳಿಯುವ ವಸ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ವರಾಂಡದಲ್ಲಿ ಫೋನ್ ಹಿಡಿದು ದಾನಿಗಳಿಗಾಗಿ ಅಂಗಲಾಚುವ ತಂದೆಯರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ರಕ್ತಸ್ರಾವ ಹತೋಟಿಗೆ ಬಂದು, ಸೋಂಕಿಗೆ ಆಂಟಿಬಯಾಟಿಕ್ ಸಿಕ್ಕಿದ ಮೇಲೆಯೇ 1960ರ ದಶಕದ ಆರಂಭದಲ್ಲಿ ನಾಲ್ಕು ಔಷಧಿಗಳನ್ನು ಒಟ್ಟಿಗೇ ಕೊಡುವ ಧೈರ್ಯ ಬಂದದ್ದು. ಅದರಲ್ಲಿ ಒಂದು ಸುಬ್ಬರಾವ್ ಅವರ ಪ್ರಯೋಗಾಲಯದ ಕಡೆಯಿಂದ ಬಂದ ಮೆಥೊಟ್ರೆಕ್ಸೇಟ್. ಇನ್ನೊಂದು ನಮ್ಮ ಹಿತ್ತಲಲ್ಲಿ, ಖಬರಸ್ಥಾನದ ಗೋಡೆ ಬದಿಯಲ್ಲಿ ತಾನಾಗಿ ಬೆಳೆಯುವ ನಿತ್ಯಪುಷ್ಪದಿಂದ ತೆಗೆದ ವಿನ್‌ಕ್ರಿಸ್ಟಿನ್. ಉರ್ದುವಿನಲ್ಲಿ ಆ ಹೂವಿಗೆ ಸದಾಬಹಾರ್ ಎನ್ನುತ್ತಾರೆ. ರಕ್ತ ಶುದ್ಧವಾದರೂ ಕಾಯಿಲೆ ಮಿದುಳಿನಲ್ಲಿ ಅಡಗಿ ಕುಳಿತು ಮತ್ತೆ ಬರುತ್ತಿತ್ತು. ಅದನ್ನು ಎದುರಿಸಿದ್ದು ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್. ಲೆಬನಾನಿನಿಂದ ವಲಸೆ ಬಂದ ಅರಬ್ ಕ್ರೈಸ್ತರ ಮಗ ಡ್ಯಾನಿ ಥಾಮಸ್ ಎಂಬ ನಟ ತನ್ನ ಸಮುದಾಯದವರಿಂದ ಚಂದಾ ಎತ್ತಿ 1962ರಲ್ಲಿ ತೆರೆದ ಆಸ್ಪತ್ರೆ ಅದು. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಬಾಗಿಲಿದ್ದ ಊರಿನಲ್ಲಿ ಎಲ್ಲ ಮಕ್ಕಳಿಗೂ ಅಲ್ಲಿ ಒಂದೇ ಬಾಗಿಲು. 1960ರ ದಶಕದ ಕೊನೆಯ ಹೊತ್ತಿಗೆ ಪಿಂಕೆಲ್ ಅವರ ಪರೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಪೂರ್ತಿ ಗುಣವಾದರು. ಶ್ರೀಮಂತ ದೇಶಗಳಲ್ಲಿ ಇಂದು ಅದು ನೂರಕ್ಕೆ 90ರ ಆಸುಪಾಸಿನಲ್ಲಿದೆ.

ಭಾರತದಲ್ಲಿ 1980ರ ದಶಕದಲ್ಲಿ ಮದರಾಸಿನ ಅಡ್ಯಾರ್, ಮುಂಬಯಿಯ ಟಾಟಾ, ದೆಹಲಿಯ ಏಮ್ಸ್ ಆಸ್ಪತ್ರೆಗಳು ಅಮೆರಿಕದ ಇಯಾನ್ ಮೆಗ್ರಾತ್ ಅವರ ಜೊತೆ ಸೇರಿ ಒಂದೇ ಚಿಕಿತ್ಸಾಕ್ರಮವನ್ನು ಶುರು ಮಾಡಿದವು. ಸಾವಿರಕ್ಕೂ ಹೆಚ್ಚು ರೋಗಿಗಳ ಆ ಲೆಕ್ಕ 2005ರಲ್ಲಿ ಪ್ರಕಟವಾಯಿತು. ಬದುಕುಳಿದವರು ಹಿಂದಿಗಿಂತ ಎಷ್ಟೋ ಹೆಚ್ಚು. ಆದರೆ ಕ್ಯಾನ್ಸರಿನಿಂದಲ್ಲ, ಚಿಕಿತ್ಸೆಯ ತೀವ್ರತೆಯನ್ನು ತಾಳಲಾರದೆ, ಸೋಂಕು ತಗಲಿ ಸತ್ತವರೂ ಅದರಲ್ಲಿ ಕಡಿಮೆಯಿರಲಿಲ್ಲ. ಔಷಧಿ ಅಮೆರಿಕದ್ದೇ. ಅದರ ಸುತ್ತ ಇರಬೇಕಾದ ರಕ್ತ, ಶುಚಿಯಾದ ಹಾಸಿಗೆ, ಹೊಟ್ಟೆ ತುಂಬ ಅನ್ನ, ಅಷ್ಟೇ ಮಟ್ಟದಲ್ಲಿ ಇರಲಿಲ್ಲ.

ಗುಣವಾಗದವರ ಆರೈಕೆಯನ್ನೂ ಇದೇ ತಕ್ಕಡಿಯಲ್ಲಿ ತೂಗಿ ನೋಡಿದ್ದಾರೆ. ಬೋಸ್ಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಚಿಕಿತ್ಸೆಯ ಜೊತೆಗೆ ಮೊದಲ ದಿನಗಳಿಂದಲೇ ನೋವು, ಉಸಿರಾಟ, ದುಗುಡ ನೋಡಿಕೊಳ್ಳುವ ಪ್ಯಾಲಿಯೇಟಿವ್ ತಂಡದ ಭೇಟಿ. 2010ರಲ್ಲಿ ಬಂದ ಫಲಿತಾಂಶದಲ್ಲಿ ಆ ಗುಂಪಿನವರ ಖಿನ್ನತೆ ಕಡಿಮೆಯಿತ್ತು, ಕೊನೆಗಾಲದಲ್ಲಿ ಅವರು ತೆಗೆದುಕೊಂಡ ಕಠಿಣ ಚಿಕಿತ್ಸೆಯೂ ಕಡಿಮೆ. ಆದರೂ ಅವರ ಬದುಕಿನ ಮಧ್ಯಮಾಂಕ 11.6 ತಿಂಗಳು, ಇನ್ನೊಂದು ಗುಂಪಿನದ್ದು 8.9. ಪ್ಯಾಲಿಯೇಟಿವ್ ಎಂದರೆ ಡಾಕ್ಟರು ಕೈಬಿಟ್ಟರು ಎಂದೇ ಅರ್ಥ ಮಾಡಿಕೊಂಡು ಮನೆಗೆ ಮರಳುವ ನಮ್ಮ ಊರುಗಳಲ್ಲಿ ಈ ಅಂಕಿಗಳನ್ನು ಯಾರಾದರೂ ಓದಿ ಹೇಳಬೇಕಿತ್ತು.

ಇನ್ನು ಅಂಜಿಕೆಯ ಬುಡ. 1999 ಮತ್ತು 2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿ ಕ್ಯಾನ್ಸರಿನ 26 ರೋಗಿಗಳ ಗಡ್ಡೆಗೆ ಒಂದು ಹೊಸ ರಾಸಾಯನಿಕವನ್ನು ಚುಚ್ಚಲಾಯಿತು. ಅದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರಿಗೆ ಸೇರಿದ ಸಂಶೋಧನೆ. ಅಗತ್ಯ ಅನುಮತಿಯಿರಲಿಲ್ಲ, ರೋಗಿಗಳಿಗೆ ಕೊಟ್ಟ ವಿವರಣೆ ಸಾಲದಾಗಿತ್ತು ಎಂಬುದನ್ನು 2001ರಲ್ಲಿ ಆ ವಿಶ್ವವಿದ್ಯಾಲಯವೇ ತನಿಖೆ ನಡೆಸಿ ಒಪ್ಪಿಕೊಂಡಿತು. ಮನುಷ್ಯರ ಮೇಲೆ ಪ್ರಯೋಗ ಮಾಡುವಾಗ ಅವರ ಒಪ್ಪಿಗೆಯೇ ಮೊದಲ ಷರತ್ತು ಎಂದು ನ್ಯೂರೆಂಬರ್ಗಿನ ನ್ಯಾಯಾಲಯ ಹೇಳಿದ್ದು 1947ರಲ್ಲಿ. ಐವತ್ತು ವರ್ಷ ಕಳೆದರೂ ಅದು ನೆರೆರಾಜ್ಯಕ್ಕೆ ತಲುಪಿರಲಿಲ್ಲ.

2007ರಿಂದ ಭಾರತದಲ್ಲಿ ಇಂಥ ಪರೀಕ್ಷೆಗಳ ಸಾರ್ವಜನಿಕ ನೋಂದಣಿ ಪುಸ್ತಕವಿದೆ, 2009ರಲ್ಲಿ ನೋಂದಣಿ ಕಡ್ಡಾಯವಾಯಿತು. 2019ರ ನಿಯಮಗಳ ಪ್ರಕಾರ ರೋಗಿಗೆ ಕೊಡುವ ಮಾಹಿತಿ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು, ಅದರಿಂದ ಉಳಿದ ಚಿಕಿತ್ಸೆಗೆ ಕುಂದು ಬರಕೂಡದು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯ ವೆಚ್ಚವೂ ಪರಿಹಾರವೂ ಅದನ್ನು ನಡೆಸುವವರ ಹೊಣೆ. ರೋಗಿಗೆ ಓದು ಬಾರದಿದ್ದರೆ, ಆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಪಕ್ಕದಲ್ಲಿ ಕುಳಿತು, ಹೇಳಿದ್ದನ್ನೆಲ್ಲ ಕೇಳಿ, ಹೆಬ್ಬೆಟ್ಟಿನ ಪಕ್ಕ ತಾವೂ ಸಹಿ ಹಾಕಬೇಕು. ನಮ್ಮ ಜಮಾಅತ್‌ಗಳಲ್ಲಿ, ಸಂಘಗಳಲ್ಲಿ ಓದುಬಲ್ಲ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ರಕ್ತ ಕೊಡಲು ಹೋಗುವವರು ಒಂದು ಗಂಟೆ ಹೆಚ್ಚು ಕುಳಿತು ಈ ಕೆಲಸವನ್ನೂ ಮಾಡಬಹುದು.